ಅಭಯ ಪಕ್ಷ

“ಮೊದಲು ಈ ನಾತಾನ ಹೊರಗೆ ಹಾಕಿ. ಪಾರ್ಟಿ ಬರೋ ಹೊತ್ತಾಯ್ತು.”

ಮನೆ ಮಾರಿಸುವ ಏಜೆಂಟ್ ನಾತ ಎಂದದ್ದು ಗಾರೆಯವನನ್ನು. ಸಾರುವೆ ಮುರಿದು ಮೂರನೇ ಮಹಡಿಯಿಂದ ಬಿದ್ದು ಏಳು ವಾರವಾಗಿತ್ತು. ಎಡಗಾಲಿನ ಮೂಳೆಗೆ ಹಾಕಿದ್ದ ಸರಳಿನ ಸುತ್ತ ಕೀವು ಕಟ್ಟಿತ್ತು. ಹದಿನೇಳನೇ ತಾರೀಕು ಆಪರೇಷನ್ ಆಗದಿದ್ದರೆ ಮೊಣಕಾಲಿನ ಮೇಲಕ್ಕೆ ಕತ್ತರಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದರ ಹಣವನ್ನು ಹಿಂದಿನ ದಿನ, ಹದಿನಾರಕ್ಕೇ, ಕಟ್ಟಬೇಕಿತ್ತು. ಇವತ್ತು ಹನ್ನೊಂದು.

ಹೆಂಡತಿ ಅವನ ಕಂಕುಳಿಗೆ ಕೈ ಕೊಟ್ಟಳು. ಅವನ ತಾಯಿ, ಮುದುಕಿ, ಕಾಲು ಹಿಡಿದಳು.

“ಕಾಯಿಲೆಯೋನು ಇರೋ ಮನೆ ಅಂತ ಗೊತ್ತಾದ್ರೆ ರೇಟು ಬೀಳುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದಕ್ಕ” ಎಂದ ಏಜೆಂಟ್, ಕರವಸ್ತ್ರದೊಳಗಿನಿಂದ.

ಹಿತ್ತಲಲ್ಲಿ ಕಕ್ಕಸು ಬಿಟ್ಟರೆ ಬೇರೆ ಮರೆಯಿರಲಿಲ್ಲ. ಅಲ್ಲೇ ಕೂರಿಸಿ ಬಾಗಿಲೆಳೆದರು. ಮಡಚಲು ಬಾರದ ಕಾಲು ಒಳಗೆ ಹಿಡಿಸದೆ ಬಾಗಿಲ ಕೆಳಗಿನ ಸಂದಿಯಿಂದ ಗೇಣುದ್ದ ಹೊರಗುಳಿಯಿತು. ಮುದುಕಿ ಅದರ ಮೇಲೊಂದು ಬುಟ್ಟಿ ಕವುಚಿದಳು.

ಪಾರ್ಟಿ ಎಂದರೆ ಟೈಲ್ಸ್ ಅಂಗಡಿಯ ಸಾಹುಕಾರ. ಒಂದೂವರೆ ಕೋಣೆಯ ಮನೆಯನ್ನು ನಾಲ್ಕು ಹೆಜ್ಜೆಯಲ್ಲಿ ನೋಡಿ ಮುಗಿಸಿದ. ಕಾರಿನ ಕೀಲಿಯಿಂದ ಗೋಡೆಯನ್ನು ಕುಟ್ಟಿದ. ಗಾರೆಯವನು ಹನ್ನೊಂದು ಭಾನುವಾರ ಕೂತು ತಿಕ್ಕಿದ್ದ ಗೋಡೆ. ಹಗಲಲ್ಲಿ ಕಿಟಕಿಯ ಬೆಳಕು ಅದರ ಮೇಲೆ ನೀರಿನ ಹಾಗೆ ನಿಲ್ಲುತ್ತಿತ್ತು.

“ಎಲ್ಲೂ ಒಂದು ಬಿರುಕು ಬಿಟ್ಟಿಲ್ಲ ಸಾರ್” ಎಂದಳು ಹೆಂಡತಿ.

“ಒಡೆಸೋ ಗೋಡೆಗೆ ಬಿರುಕಾದ್ರೇನು, ಬಿಟ್ರೇನು. ಗೋಡೌನ್ ಮಾಡೋದು ನಾನು.” ಹಿತ್ತಲಿಗೆ ಬಂದ. “ಆ ಬುಟ್ಟಿ ಯಾಕೆ ಅಲ್ಲಿ?”

“ಕೋಳಿ ಮುಚ್ಚಿದ್ದಾರೆ ಸಾರ್” ಎಂದ ಏಜೆಂಟ್.

ಸಾಹುಕಾರ ನಕ್ಕ. “ಹತ್ತು ಲಕ್ಷ.”

“ಹದಿನಾಲ್ಕು ಅಂತ ಹೇಳಿದ್ವಲ್ಲ ಸಾರ್” ಎಂದಳು ಹೆಂಡತಿ. “ಪಕ್ಕದ ಮನೆ ಹೋದ ವರ್ಷಾನೇ ಹದಿಮೂರಕ್ಕೆ ಹೋಯ್ತು.”

“ನೋಡಮ್ಮ, ಹದಿನೇಳಕ್ಕೆ ಆಪರೇಷನ್ ಇಟ್ಕೊಂಡು ಚೌಕಾಸಿಗೆ ಕೂತ್ಕೋಬಾರದು.” ಅವನ ದನಿ ಮೆತ್ತಗಿತ್ತು. “ಹೆಂಗಿದೆ ಈಗ ಕಾಲು?”

ಬುಟ್ಟಿ ಅಲುಗಿತು.

ಹೆಂಡತಿ ಏಜೆಂಟನ ಕಡೆ ತಿರುಗಿದಳು. ಅವನು ಫೋನು ನೋಡುತ್ತಿದ್ದ. ಆಪರೇಷನ್ನಿನ ತಾರೀಕನ್ನು ಅವನೊಬ್ಬನಿಗೇ ಹೇಳಿದ್ದಳು. ತವರಿನಿಂದ ಬಂದ ಅಣ್ಣನಿಗೆ ಕಷ್ಟ ಹೇಳಿಕೊಳ್ಳುವ ಹಾಗೆ, ಕೊನೆಯ ರೇಟನ್ನೂ ಹೇಳಿದ್ದಳು: ಹತ್ತು ಬಂದರೂ ಕೊಟ್ಟುಬಿಡ್ತೀವಣ್ಣ, ಯಾರಿಗೂ ಹೇಳಬೇಡಿ.

ಸಾಹುಕಾರನ ಕಾರು ಹೋದ ಮೇಲೆ ಬಾಯಿ ಬಿಟ್ಟಳು. “ಅಣ್ಣಾ, ನೀವು ನಮ್ಮ ಕಡೆಯೋರಲ್ವಾ?”

“ನಿಮ್ಮ ಕಡೆನೇ. ಅವರ ಕಡೆನೂ.”

“ಅದು ಹೆಂಗಾಗುತ್ತೆ?”

ಏಜೆಂಟ್ ಚೀಲದಿಂದ ಕಾಗದ ತೆಗೆದು ಒಂದು ಸಾಲಿನ ಕೆಳಗೆ ಉಗುರಿಟ್ಟ. “ಇಲ್ಲಿದೆ. ಎಲ್ಲ ಓದ್ಕೊಂಡೇ ಸೈನ್ ಹಾಕಿದ್ದು ನಿಮ್ಮೆಜಮಾನ್ರು.”

“ಅಭಯ ಪಕ್ಷಗಳ ಪರವಾಗಿ ಅಂತ ಓದಿದ್ರು ಇವ್ರು.”

ಏಜೆಂಟ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಭಯ ಅಲ್ಲಕ್ಕ, ಉಭಯ! ಉಭಯ ಅಂದ್ರೆ ಎರಡೂ ಪಾರ್ಟಿ. ಇಬ್ಬರ ಹತ್ರಾನೂ ನೂರಕ್ಕೆ ಎರಡು.”

ನಾಲ್ಕನೇ ಕ್ಲಾಸಿನವರೆಗೆ ಓದಿದ ಗಾರೆಯವನು ಆ ಮನೆಯ ವಿದ್ಯಾವಂತ. ಜೆರಾಕ್ಸಿನಲ್ಲಿ ಮಸಿ ಹರಡಿದ್ದ ಆ ಅಕ್ಷರದ ಮೇಲೆ ತುಂಬ ಹೊತ್ತು ಬೆರಳಿಟ್ಟುಕೊಂಡಿದ್ದ. ‘ಅಭಯ ಅಂದ್ರೆ ಹೆದರ್ಬೇಡಿ ಅಂತ. ಒಳ್ಳೆ ಕಾಗದ ಕಣೆ’ ಎಂದು ಹೆಂಡತಿಗೆ ತಿಳಿಸಿ ಹೇಳಿದ್ದ.

“ರೇಟು ಏರಿದ್ರೆ ನಿಮಗೂ ಜಾಸ್ತಿ ಬರುತ್ತಲ್ಲ ಅಂತ ನಂಬಿದ್ದೆ” ಎಂದಳು.

“ನಾಲ್ಕು ಲಕ್ಷ ಏರಿಸಿದ್ರೆ ಎರಡೂ ಕಡೆ ಸೇರಿ ನನಗೆ ಹದಿನಾರು ಸಾವಿರ. ಅದಕ್ಕೋಸ್ಕರ ಸಾಹುಕಾರ್ರನ್ನ ಕಳ್ಕೊಳ್ಲಾ? ನೀವು ಮನೆ ಮಾರೋದು ಜನ್ಮಕ್ಕೊಂದ್ಸಲ. ಅವರು ತಿಂಗಳಿಗೊಂದು ತಗೋತಾರೆ.”

“ತಲೆಹಿಡುಕ ಸೂಳೆಮಗನೇ” ಎಂದಳು ಮುದುಕಿ. “ನನ್ನ ಸೊಸೆ ಅಣ್ಣಾ ಅಂದಳಲ್ಲೋ, ಆ ಬಾಯಿಗೆ ಮಣ್ಣು ಹಾಕ್ದೆ. ನಿನ್ನ ವಂಶ ನಿರ್ವಂಶ ಆಗ.”

“ಬಯ್ಯಿ ಅಜ್ಜಿ, ಬಯ್ಗುಳಕ್ಕೆ ಕಮಿಷನ್ ಇಲ್ಲ.”

“ನಾವು ಬೇರೆಯವ್ರಿಗೆ ಮಾರ್ಕೋತೀವಿ” ಎಂದಳು ಹೆಂಡತಿ.

“ಆರು ತಿಂಗಳು ಬೇರೆ ಏಜೆಂಟ್ ಮುಟ್ಟೋ ಹಾಗಿಲ್ಲ, ಅದೂ ಕಾಗದದಲ್ಲಿದೆ. ನೀವೇ ಗಿರಾಕಿ ಹಿಡಿದ್ರೂ ನನ್ನ ಕಮಿಷನ್ ನನಗೆ. ಹಿಡೀರಿ ನೋಡೋಣ. ಐದು ದಿನ ಇದೆಯಲ್ಲ.”

ಕಕ್ಕಸಿನ ಬಾಗಿಲ ಹಿಂದಿನಿಂದ ಗಾರೆಯವನ ದನಿ ಬಂತು. “ಅಮ್ಮಾ, ಬುಟ್ಟಿ ತೆಗಿ. ಒತ್ತುತ್ತೆ.”

ಆ ಐದು ದಿನ ಹೆಂಡತಿ ಕೂಲಿ ಬಿಟ್ಟು ಓಡಾಡಿದಳು. ಬೀದಿಯ ಏಜೆಂಟರೆಲ್ಲ ಅವಳ ಮನೆಯ ಗುರುತು ಕೇಳುತ್ತಲೇ ಆ ಏಜೆಂಟನ ಹೆಸರೆತ್ತಿ, ಆಗಲ್ಲವೆಂದು ಕೈ ಆಡಿಸಿದರು. ಬೀಗದ ಅಂಗಡಿಯವನು ಹನ್ನೆರಡು ಕೊಡುತ್ತೇನೆಂದ. ದುಡ್ಡು ಮಾತ್ರ ಎರಡು ತಿಂಗಳ ಮೇಲೆ.

ಹದಿನಾರರ ಬೆಳಿಗ್ಗೆ ಗಾರೆಯವನನ್ನು ಆಟೋದಲ್ಲಿ ಮಲಗಿಸಿಕೊಂಡು ನೋಂದಣಿ ಕಚೇರಿಗೆ ಹೋದರು. ಏಜೆಂಟ್ ಎರಡೂ ಕಡೆಯ ಕಾಗದಗಳನ್ನು ಒಂದೇ ಫೈಲಿನಲ್ಲಿ ಹಿಡಿದು ಮೊದಲೇ ಬಂದಿದ್ದ. ಅಧಿಕಾರಿ ತಲೆಯೆತ್ತದೆ ಕೇಳಿದ. “ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಷ್ಟದಿಂದ ಮಾರ್ತಿದ್ದೀರಾ?”

“ಹೌದು ಸಾರ್” ಎಂದ ಏಜೆಂಟ್.

“ಒತ್ತಾಯ ಇದೆ ಸಾರ್” ಎಂದಳು ಹೆಂಡತಿ.

ಅಧಿಕಾರಿ ಪೆನ್ನು ಕೆಳಗಿಟ್ಟು ಅವಳನ್ನು ನೋಡಿದ, ಆಮೇಲೆ ಗಡಿಯಾರ ನೋಡಿದ.

“ಹಾಗಾದ್ರೆ ಇದು ಇವತ್ತಾಗಲ್ಲ. ಅರ್ಜಿ ಕೊಟ್ಟು ಮುಂದಿನ ವಾರ ಬನ್ನಿ, ವಿಚಾರಣೆ ಇಡೋಣ.”

ಸಾಹುಕಾರ ಕುರ್ಚಿ ಬಿಟ್ಟೆದ್ದ. ಗಾರೆಯವನ ಕಾಲಿನ ಬಟ್ಟೆಯಿಂದ ಹಳದಿ ನೀರು ಬೆಂಚಿನ ಅಂಚಿಗೆ ಇಳಿದು ತೊಟ್ಟಿಕ್ಕುತ್ತಿತ್ತು.

“ಇಲ್ಲ ಸಾರ್” ಎಂದ ಗಾರೆಯವನು. “ಅವಳಿಗೇನೂ ತಿಳಿಯಲ್ಲ. ಯಾರ ಒತ್ತಾಯವೂ ಇಲ್ಲ.”

ಹೆಂಡತಿ ಗೋಡೆಗೆ ಸರಿದು ನಿಂತಳು.

ಸಹಿಯಾಯಿತು, ಹೆಬ್ಬೆಟ್ಟಾಯಿತು. ಇನ್ನುಳಿದದ್ದು ಫೋಟೋ.

“ತಲೆ ಎತ್ತಪ್ಪ” ಎಂದ ಕ್ಯಾಮೆರಾದವನು. ಗಾರೆಯವನ ತಲೆ ಏಳಲಿಲ್ಲ. “ಎತ್ತಯ್ಯ, ಹಿಂದೆ ಜನ ಕಾಯ್ತಿದ್ದಾರೆ.”

ಏಜೆಂಟ್ ಪಕ್ಕದಿಂದ ಕೈ ಚಾಚಿ, ಎರಡು ಬೆರಳಿನಿಂದ ಅವನ ಗದ್ದ ಎತ್ತಿ ಹಿಡಿದ. ಬೆಳಕು ಮಿನುಗಿತು.

“ನಿಮ್ಮ ಬೆರಳೂ ಬಂದಿದೆ ಸಾರ್. ಇನ್ನೊಂದು ತೆಗೀಲಾ?” ಕ್ಯಾಮೆರಾದವನು ಏಜೆಂಟನನ್ನು ಕೇಳಿದ.

“ಇರಲಿ ಬಿಡು” ಎಂದ ಅಧಿಕಾರಿ, ಮುಂದಿನ ಫೈಲು ಎಳೆದುಕೊಳ್ಳುತ್ತ. “ಮುಖ ಕಾಣುತ್ತಲ್ಲ.”