ಉರ್ದು ಕಾಗದದ ಕಟ್ಟಿನಲ್ಲಿ ಸಹಸ್ರನಾಮ

ಅಪ್ಪ ಕೈಯಲ್ಲಿ ಬರೆದಿಟ್ಟ ವಹಿಯನ್ನು, ಆ ಹಳೆಯ ಪುಸ್ತಕವನ್ನು, ಯಾರೂ ನಮ್ಮ ಮನೆಯಿಂದ ಕಿತ್ತುಕೊಂಡು ಹೋಗಲಿಲ್ಲ. ನಾನೇ ಕೈಯಾರೆ ಒಯ್ದು ಕೊಟ್ಟೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹೈದರಾಬಾದ್ ಸಂಸ್ಥಾನದ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದ ಎರಡನೆಯ ವಾರ ಭಾಲ್ಕಿಯಲ್ಲಿ ಡಂಗುರ ಹೊಡೆದರು. ಆಯುಧ ಇದ್ದವರು ಆಯುಧ, ರಜಾಕಾರರ ಕಾಗದಪತ್ರ ಇದ್ದವರು ಕಾಗದಪತ್ರ ಚಾವಡಿಗೆ ತಂದೊಪ್ಪಿಸಬೇಕು. ನಮ್ಮಲ್ಲಿ ಎರಡೂ ಇರಲಿಲ್ಲ. ಆದರೆ ಅಪ್ಪ ತಹಸೀಲ್ ಕಚೇರಿಯಲ್ಲಿ ಚಪರಾಸಿಯಾಗಿದ್ದು ತೀರಿಕೊಂಡವನು. ಅವನ ಟ್ರಂಕಿನ ತುಂಬ ಉರ್ದು ಕಾಗದ. ಯಾವ ಕಾಗದ ಯಾರ ಕಣ್ಣಿಗೆ ಹೇಗೆ ಕಾಣುತ್ತದೋ ಎಂದು ಎರಡು ದಿನ ಒದ್ದಾಡಿದೆ. ಮೂರನೆಯ ದಿನ ಉರ್ದು ಅಕ್ಷರವಿದ್ದದ್ದನ್ನೆಲ್ಲ ಗಂಟು ಕಟ್ಟಿದೆ. ವಹಿಯೂ ಕೈಗೆ ಬಂತು. ಇದು ದೇವರದು ಎಂದು ಮನಸ್ಸು ಹೇಳಿತು. ಅಕ್ಷರ ಉರ್ದುವೇ ಅಲ್ಲವೇ ಎಂದು ಅಂಜಿಕೆ ಹೇಳಿತು. ಚಾವಡಿಯ ಗುಮಾಸ್ತ ‘ಉರ್ದು ಕಾಗದ, ಒಂದು ಕಟ್ಟು’ ಎಂದು ರಸೀದಿ ಬರೆದುಕೊಟ್ಟ.

ಆ ವಹಿಯಲ್ಲಿ ಇದ್ದದ್ದು ವಿಷ್ಣು ಸಹಸ್ರನಾಮ.

ನಮ್ಮದು ಮೆಹಕರದಲ್ಲಿ ಕುರಿ ಸಾಕುತ್ತಿದ್ದ ಮನೆತನ. ಅಪ್ಪನಿಗೆ ಬರುತ್ತಿದ್ದದ್ದು ನೌಕರಿಗಾಗಿ ಕಲಿತ ಉರ್ದು ಒಂದೇ. ವಿಠೋಬನ ಗುಡಿಕಟ್ಟೆಯ ಮೇಲೆ ಕೂತು, ಭಟ್ಟರ ಬಾಯಿಂದ ದಿನಕ್ಕೆ ಎರಡು ಮೂರು ನಾಮ ಕೇಳಿ, ಒಂದು ವರ್ಷ ಬರೆದಿದ್ದ. ಬದಿಗೆ ಸಣ್ಣ ಅಕ್ಷರದಲ್ಲಿ ಅರ್ಥ. ಕಾರ್ತಿಕ ಮಾಸವಿಡೀ ಅಪ್ಪ ಓದಬೇಕು, ಅವ್ವ ನಾಮಕ್ಕೊಂದು ತುಳಸಿ ಎಲೆ ಏರಿಸಬೇಕು. ಅದು ಮುಗಿಯದೆ ಅವಳಿಗೆ ಊಟವಿಲ್ಲ. ಅಪ್ಪನ ನಂತರ ಓದುವ ಪಾಳಿ ನನಗೆ ಬಂತು. ಹಗಲು ಅಡತಿ ಅಂಗಡಿಯಲ್ಲಿ ತೊಗರಿ ತೂಗಿ, ಸಂಜೆ ಶಾಲೆಯಲ್ಲಿ ನಾನು ಕಲಿತದ್ದೂ ಉರ್ದುವೇ. ಈಗ ಅದೇ ಶಾಲೆಯಲ್ಲಿ ಕನ್ನಡ ಅಕ್ಷರ ತಿದ್ದುತ್ತಿದ್ದೆ.

ಕಾರ್ತಿಕದ ಮೊದಲ ದಿನ ಅವ್ವ, ಸುಂದರಬಾಯಿ, ಬುಟ್ಟಿ ತುಂಬ ತುಳಸಿ ಇಟ್ಟುಕೊಂಡು ಕೂತಳು.

“ವಹಿ ತಗೊಂಡ್ ಬಾರೋ ಹಣಮಂತ.”

ಹೇಳಿದೆ. ಅವಳು ನನ್ನನ್ನೇ ನೋಡಿದಳು.

“ರಜಾಕಾರರ ಕಾಗದ ಕೊಡ್ರಿ ಅಂದ್ರ ದೇವ್ರ ಹೆಸರು ಕೊಟ್ಟು ಬಂದ್ಯಾ? ವಿಷ್ಣು ಯಾವಾಗ ರಜಾಕಾರ ಆಗಿದ್ದನೋ?”

ಅಂದಿನಿಂದ ರೊಟ್ಟಿ ಮುಟ್ಟಲಿಲ್ಲ. ಒಂದು ಲೋಟ ಹಾಲು, ಒಂದು ಹಿಡಿ ಶೇಂಗಾ.

ಕಟ್ಟು ಬೀದರಿಗೆ ಹೋಗಿದೆ ಎಂದರು ಚಾವಡಿಯವರು. ಬೀದರಿನ ಜಿಲ್ಲಾ ಕಚೇರಿಗೆ ಮೊದಲ ಸಲ ಹೋದಾಗ ಅಲ್ಲಿನ ಸಾಹೇಬರು ಊರಲ್ಲಿರಲಿಲ್ಲ. ಎರಡನೆಯ ಸಲ, ರಸೀದಿಯ ಮೇಲೆ ಚಾವಡಿಯ ಶಿಕ್ಕಾ ಮೊಹರು ಇಲ್ಲ ಎಂದು ಹಿಂದಕ್ಕೆ ಕಳಿಸಿದರು. ಮೂರನೆಯ ಸಲ, ಅವ್ವ ರೊಟ್ಟಿ ಬಿಟ್ಟ ಒಂಬತ್ತನೆಯ ದಿನ, ಚಪರಾಸಿ ಪಂಢರಿ ನನ್ನನ್ನು ಒಳಗೆ ಬಿಟ್ಟ.

ಸಾಹೇಬರು ಬಳ್ಳಾರಿಯಿಂದ ಹೊಸದಾಗಿ ಬಂದವರು. ಉರ್ದು ಬಾರದು. ವಹಿಯನ್ನು ತಿರುವಿ ನೋಡಿದರು.

“ಏನಿದೆ ಇದರಲ್ಲಿ?”

“ವಿಷ್ಣು ಸಹಸ್ರನಾಮ ರೀ.”

“ಮತ್ತೆ ಯಾಕೆ ತಂದು ಕೊಟ್ಟಿರಿ?”

“ಉರ್ದುದಾಗ ಅದಲ್ರಿ.”

“ಓದಿ.”

ಹತ್ತು ನಾಮ ಓದಿದೆ. ಸಾಹೇಬರು ನಕ್ಕರು. “ಹತ್ತು ನಾಮ ನನ್ನ ಮೊಮ್ಮಗಳೂ ಹೇಳುತ್ತಾಳೆ. ನೀವು ಬಾಯಿಪಾಠ ಒಪ್ಪಿಸುತ್ತಿಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು?”

“ಬಾಯಿಪಾಠ ಬಂದಿದ್ರ ಮೂರ್ ಸಲ ಇಲ್ಲಿ ತನಕ ಯಾಕ ಬರ್ತಿದ್ದೆ ರೀ?”

ಅದನ್ನು ಅವರು ಕೇಳಿಸಿಕೊಳ್ಳಲಿಲ್ಲ. ಬಾಗಿಲ ಬಳಿಯ ಬೆಂಚಿನಿಂದ ಒಬ್ಬರು ಎದ್ದರು. ಬಾಬುಮಿಯಾ, ಔರಾದಿನ ಉರ್ದು ಮಾಸ್ತರರು. ತಮ್ಮ ಮೇಲೆ ದೂರು ಇಲ್ಲವೆಂಬ ಕಾಗದ ಸಿಕ್ಕರೆ ಮತ್ತೆ ಶಾಲೆಗೆ ಹೋಗಬಹುದೆಂದು ಮೂರು ವಾರದಿಂದ ಆ ಬೆಂಚಿನ ಮೇಲೆ ಕೂತಿದ್ದರು.

“ನಾ ಓದ್ಲೇನ್ರಿ ಸಾಹೇಬ್ರ? ನನಗಂತೂ ಬಾಯಿಪಾಠ ಇಲ್ಲ.”

ಬೇಡವೆನ್ನಲು ಬಾಯಿ ತೆರೆದೆ. ಯಾರ ಜೊತೆ ಯಾರು ನಿಂತಿದ್ದಾರೆ ಎಂಬುದನ್ನೂ ಜನ ನೋಡುತ್ತಿದ್ದ ದಿನಗಳು. ಅಷ್ಟರಲ್ಲಿ ಅವರು ಮೂಗಿನ ಮೇಲೆ ಚಾಳೀಸು ಏರಿಸಿ, ನಡುವಿನ ಒಂದು ಹಾಳೆ ತೆರೆದು, ಅಕ್ಷರ ಅಕ್ಷರ ಕೂಡಿಸಿ ಓದತೊಡಗಿದ್ದರು. ಒಂದು ನಾಮದಲ್ಲಿ ತಪ್ಪಿದರು. ಸಾಹೇಬರು ಕಣ್ಣು ಮುಚ್ಚಿಕೊಂಡೇ ಅದನ್ನು ಸರಿಯಾಗಿ ಹೇಳಿದರು.

“ಇಲ್ಲಿ ಇಕಾರದ ಗುರುತು, ಜೇರ್, ಹಾಕಿಲ್ರಿ, ಅದಕ್ಕ,” ಎಂದರು ಬಾಬುಮಿಯಾ.

ಸಾಹೇಬರಿಗೆ ನಂಬಿಕೆ ಬಂತು. ನನಗೆ ಉಸಿರು ಬಂತು.

“ಇದು ಸಹಸ್ರನಾಮವೇ. ಆದರೆ ರಿಜಿಸ್ಟರಿನಲ್ಲಿ ಉರ್ದು ಕಾಗದ ಅಂತ ಏರಿದೆ. ಅದನ್ನು ಬಿಡಲು ಹೈದರಾಬಾದಿನಿಂದ ಹುಕುಂ ಬರಬೇಕು. ಬೇಕಿದ್ದರೆ ವರಾಂಡದಲ್ಲಿ ಕೂತು ನಕಲು ಮಾಡಿಕೊಳ್ಳಿ.”

“ಹುಕುಂ ಯಾವಾಗ ಬರ್ತದ್ರಿ?”

ಅವರು ಆಗಲೇ ಬೇರೆ ಫೈಲು ಬಿಚ್ಚಿದ್ದರು.

ನನ್ನ ಕನ್ನಡ ಬರವಣಿಗೆ ನಿಧಾನ. ಒಮ್ಮೆ ವಹಿ, ಒಮ್ಮೆ ಹಾಳೆ ನೋಡುತ್ತ ಒದ್ದಾಡುವುದನ್ನು ಕಂಡು ಬಾಬುಮಿಯಾ ಪಕ್ಕಕ್ಕೆ ಬಂದು ಕೂತರು. “ನಾ ಓದ್ತೇನಿ, ನೀವ್ ಬರೀರಿ. ಇಲ್ಲಿ ಕೂಡೋದು ಬಿಟ್ರ ನನಗ ಬ್ಯಾರೆ ಏನ್ ಕೆಲಸ ಅದ?”

ನಾನು ಒಂದು ನಿಯಮ ಹೇಳಿದೆ. “ಒಂದ್ ನೂರು ಹಿಡಿದ್ರ, ಅದು ಮುಗಿಯೋ ತನಕ ನಡಬರಕ ನಿಂದ್ರಸ್ಬಾರದ್ರಿ. ಅಪ್ಪ ಹಂಗ ಓದ್ತಿದ್ದ.”

“ಆಯ್ತು ಬಿಡ್ರಿ. ನಮಾಜ್ ಸುದ್ದಾ ನಾವು ನಡಬರಕ ನಿಂದ್ರಸಂಗಿಲ್ಲ.”

ಮೊದಲ ದಿನ ಐದು ನೂರು ಆಯಿತು. ಮರುದಿನ ಆರನೆಯ ನೂರು ಮುಗಿಯಲು ಬಂದಿತ್ತು. ಅಪ್ಪನ ಅರ್ಥಗಳು ಮಾಸ್ತರರಿಗೆ ಹಿಡಿಸಿದ್ದವು.

“ಗೋಪ್ತಾ. ಹಿಫಾಜತ್ ಮಾಡಾಂವ, ಕಾಯಾಂವ. ನಿಮ್ಮಪ್ಪ ಛಲೋ ಬರದಾರ್ ನೋಡ್ರಿ.”

ಆಗಲೇ ಒಳಗಿನಿಂದ ಪಂಢರಿಯ ಕೂಗು ಬಂತು: “ಬಾಬುಮಿಯಾ, ಔರಾದ!”

ಮಾಸ್ತರರ ಮುಖ ವಹಿಯಲ್ಲಿತ್ತು, ಅವರಿಗೆ ಕೇಳಲಿಲ್ಲ. ನನಗೆ ಕೇಳಿತು. ಆ ನೂರು ತುಂಬಲು ಏಳು ನಾಮ ಉಳಿದಿದ್ದವು. ಪಂಢರಿ ಇನ್ನೊಮ್ಮೆ ಕೂಗುತ್ತಾನೆ, ಏಳೇ ಅಲ್ಲವೇ ಎಂದುಕೊಂಡೆ.

“ಮುಂದ ಹೇಳ್ರಿ,” ಎಂದೆ.

ವೃಷಭಾಕ್ಷ. ವೃಷಪ್ರಿಯ. ಅನಿವರ್ತೀ. ನಿವೃತ್ತಾತ್ಮಾ. ಸಂಕ್ಷೇಪ್ತಾ. ಕ್ಷೇಮಕೃತ್, ಖೈರಿಯತ್ ಕೊಡಾಂವ. ಶಿವ. ಆರುನೂರು.

ಪಂಢರಿ ಹೊರಗೆ ಬಂದ. “ಏನ್ ಮಾಸ್ತರ್ರ, ದೇವ್ರವು ಸಾವಿರ ಹೆಸರು ಓದ್ತೀರಿ, ನಿಮ್ಮದು ಒಂದ್ ಹೆಸರು ಕೇಳ್ಸಲಿಲ್ಲೇನು? ಹಾಜರ್ ಇಲ್ಲ ಅಂತ ಬರದಾಯ್ತು. ಸಾಹೇಬ್ರು ತಿರುಗಾಟಕ್ಕ ಹೊಂಟ್ರು. ಇನ್ನ ಮುಂದಿನ ತಿಂಗಳ.”

ಬಾಬುಮಿಯಾ ಬಾಗಿಲ ತನಕ ಹೋದರು. ಜೀಪು ಹೊರಟ ಸದ್ದು ಕೇಳಿತು. ತಿರುಗಿ ಬಂದು ಕೂತು, ಚಾಳೀಸು ಒರೆಸಿಕೊಂಡರು.

“ಇನ್ನ ನಾಕ್ ನೂರ್ ಅವ. ಬರೀರಿ.”

ನಾನು ಬರೆದೆ. ಹೇಳಬೇಕಾದದ್ದನ್ನು ಹೇಳಲಿಲ್ಲ.

ಮನೆಯಲ್ಲಿ ನಕಲನ್ನು ಓದಿದೆ. ಅವ್ವ ಸಾವಿರ ಎಲೆ ಏರಿಸಿ, ಕೈ ಮುಗಿದು, ಹನ್ನೊಂದನೆಯ ದಿನ ರೊಟ್ಟಿ ಮುರಿದಳು.

“ಎರಡ ದಿನದಾಗ ಒಬ್ಬನ ಹ್ಯಾಂಗ್ ಬರದಿ? ಯಾರ್ ಓದಿ ಹೇಳಿದ್ರು?”

ಹೇಳಿದೆ.

“ಪಾಪ, ಅವರ ಕೆಲಸ ಆಯ್ತೇನು?”

ಆಗಲಿಲ್ಲ, ಹೆಸರು ಕೂಗಿದಾಗ ಓದುತ್ತಿದ್ದರು ಎಂದೆ. ಅವಳು ಮುರಿದ ತುತ್ತನ್ನು ತಾಟಿನಲ್ಲಿ ಇಟ್ಟಳು.

“ಕೂಗಿದ್ದು ನಿನಗ ಕೇಳ್ಸಿತ್ತೇನು?”

ನಾನು ನಕಲಿನ ಹಾಳೆಗಳನ್ನು ಜೋಡಿಸತೊಡಗಿದೆ.

“ನಾಳಿನ ರೈಲಿಗಿ ಹೋಗು,” ಎಂದು ಉಳಿದ ರೊಟ್ಟಿಯನ್ನು ತಿಂದು ಮುಗಿಸಿದಳು. ಮತ್ತೆ ನನ್ನ ಕಡೆ ನೋಡಲಿಲ್ಲ.

ಅಂದು ಸಂಜೆ ಶಾಲೆಯಲ್ಲಿ ಕೂತು ಕನ್ನಡದಲ್ಲಿ ಒಂದು ಅರ್ಜಿ ಬರೆದೆ. ನಾಲ್ಕು ಸಲ ಹರಿದು ಐದನೆಯದನ್ನು ಉಳಿಸಿಕೊಂಡೆ. ಮರುದಿನ ಬೀದರಿನಲ್ಲಿ ಪಂಢರಿ ಅದನ್ನು ಮೇಲೆ ಕೆಳಗೆ ಮಾಡಿ ನೋಡಿದ.

“ಕನ್ನಡದಾಗ ನಡಿಯಂಗಿಲ್ಲ. ಇಂಗ್ಲಿಷ್‌ದಾಗ ಇಲ್ಲಾ ಉರ್ದುದಾಗ ಬರಕೊಂಡ್ ಬಾ.”

“ಸಾಹೇಬ್ರಿಗಿ ಉರ್ದು ಬರಂಗಿಲ್ಲಲ್ಲೋ?”

“ಸಾಹೇಬ್ರಿಗಿ ಬರ್ಲಿ ಬಿಡ್ಲಿ, ಫೈಲಿಗಿ ಬರ್ತದ.”

ಅವನ ಬೆನ್ನ ಹಿಂದಿನ ಕಪಾಟಿನಲ್ಲಿ ಅಪ್ಪನ ವಹಿ ಕಾಣುತ್ತಿತ್ತು. ನಾನು ಅದೇ ಬೆಂಚಿನ ಮೇಲೆ ಕೂತು ಅದೇ ಅಕ್ಷರದಲ್ಲಿ ಬರೆದೆ: ಬಾಬುಮಿಯಾ ಆ ದಿನ ಹಾಜರಿದ್ದರು. ಅವರ ಹೆಸರು ಕೂಗಿದ್ದು ನನಗೆ ಕೇಳಿತ್ತು. ನಾನು ಅವರಿಗೆ ಹೇಳಲಿಲ್ಲ.

ತಪ್ಪಿದ್ದರೆ ತಿದ್ದಿಕೊಡಲು ಪಕ್ಕದಲ್ಲಿ ಮಾಸ್ತರರು ಇರಲಿಲ್ಲ.