ಹ್ಯಾಂಡಲ್ ಚೀಲದ ಎಳ್ಳುಂಡೆ

ಶಿಕಾರಿಪುರದ ಜವಳಿ ಅಂಗಡಿ ಮಹೇಶ್ವರಪ್ಪನಿಗೆ ಅಸಹ್ಯಪಡಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಗಿರಾಕಿ ಬೆರಳಿಗೆ ಎಂಜಲು ಹಚ್ಚಿ ಸೀರೆಯ ಮಡಿಕೆ ಬಿಡಿಸಿದರೆ ಆ ಸೀರೆಯನ್ನು ಸಂಜೆಯವರೆಗೆ ಮುಟ್ಟುತ್ತಿರಲಿಲ್ಲ. ನೆಂಟರ ಮನೆಯಲ್ಲಿ ನೀರು ಕೊಟ್ಟರೆ ಲೋಟದ ಅಂಚು ಒರೆಸಿ, ಎತ್ತಿ ಕುಡಿಯುತ್ತಿದ್ದ. ಇಂಥವನ ಹಣೆಯಲ್ಲಿ ದೇವರು ತೋಟಪ್ಪನಂಥ ಭಾವಮೈದುನನನ್ನು ಬರೆದಿದ್ದ.

ಆ ದಿನ ಇಬ್ಬರೂ ಸೈಕಲ್ ಹತ್ತಿ ಸೊರಬಕ್ಕೆ ಹೊರಟಿದ್ದರು. ಮಹೇಶ್ವರಪ್ಪನ ತಂಗಿ ಅಕ್ಕನಾಗಮ್ಮನನ್ನು ಸೊರಬದ ಬಸವಣ್ಣೆಮ್ಮ ತನ್ನ ಮಗನಿಗಾಗಿ ನೋಡಿಕೊಂಡು ಹೋಗಿ ತಿಂಗಳ ಮೇಲಾಗಿತ್ತು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹಿಂದಿನ ಸಂಬಂಧಗಳೂ ಹೀಗೆ ಸದ್ದಿಲ್ಲದೆ ತಪ್ಪಿಹೋಗಿದ್ದವು. ಈಚೆಗೆ ಮನೆಗೆ ಯಾರಾದರೂ ಬಂದರೆ ಹುಡುಗಿ ಎದ್ದು ಒಳಕೋಣೆ ಸೇರಿಬಿಡುತ್ತಿದ್ದಳು. ಇನ್ನು ತೋಟಪ್ಪನೋ, ಬಸವಣ್ಣೆಮ್ಮನ ಮನೆಯ ಭತ್ತವನ್ನು ವರ್ಷಾವರ್ಷ ಕೊಳ್ಳುವವನು, ಆಕೆಗೆ ಮನೆಮಗನಂತಿದ್ದವನು. ಅವನ ಮನಸ್ಸು ಮುರಿದರೆ ಸಂಬಂಧವೂ ಮುರಿದಂತೆಯೇ.

ಮಹೇಶ್ವರಪ್ಪನ ಹೆಂಡತಿ ರಾಜೇಶ್ವರಮ್ಮ ಅಂಗಡಿಯಲ್ಲಿ ಉಳಿದ ಖಾಕಿ ತುಂಡಿನಲ್ಲಿ ಒಂದು ಚೀಲ ಹೊಲಿದು, ಬಾಯಿಗೆ ಲಾಡಿ ಪೋಣಿಸಿ, ಗಂಡನ ಸೈಕಲ್ಲಿನ ಹ್ಯಾಂಡಲ್ಲಿಗೆ ಬಿಗಿದಿದ್ದಳು. ಕೆಳಗಿಳಿಯದೆ ಒಂದು ಕೈ ಹಾಕಿ ತಿನ್ನುತ್ತ ಹೋಗಬಹುದು. ಒಳಗಿದ್ದದ್ದು ಅಕ್ಕನಾಗಮ್ಮ ಕಟ್ಟಿದ ಎಳ್ಳುಂಡೆ. ಬೆಳಗಿನ ಲಿಂಗಪೂಜೆಯಲ್ಲಿ ನೈವೇದ್ಯವಾದ ಪ್ರಸಾದ ಅದು. ಉಂಡ ತಟ್ಟೆ ತೊಳೆದು ಆ ನೀರನ್ನೂ ಕುಡಿಯುವ ಮನೆ ಅವರದು. ಪ್ರಸಾದ ಚೆಲ್ಲುವ ಮಾತೇ ಇಲ್ಲ.

ಊರು ದಾಟುವ ಮೊದಲೇ ತೋಟಪ್ಪ ತನ್ನ ಸೈಕಲನ್ನು ಒತ್ತಿಕೊಂಡು ಬಂದು ಚೀಲಕ್ಕೆ ಕೈ ಇಳಿಬಿಟ್ಟ. ಮೂಗಿಗೆ ನಶ್ಯ ಏರಿಸಿ, ಮೈಯೆಲ್ಲ ನಡುಗುವಂತೆ ಸೀನಿ, ಮೂಗನ್ನು ಅಂಗೈಯಲ್ಲೇ ಒರೆಸಿಕೊಂಡ ಕೈ ಅದು. ಸಿಕ್ಕಿದ್ದನ್ನು ತೆಗೆದುಕೊಳ್ಳುವ ಜಾಯಮಾನವೂ ಅವನದಲ್ಲ. ಒಂದೊಂದು ಉಂಡೆಯನ್ನೂ ಹೆಬ್ಬೆರಳಿನಲ್ಲಿ ಒತ್ತಿ, ಮೆತ್ತಗಿದ್ದದ್ದನ್ನು ಆರಿಸಿದ.

“ನೀವೂ ತಿನ್ರಿ ಭಾವ.”

“ನನಗ ಹಸಿವಿಲ್ಲ” ಎಂದ ಮಹೇಶ್ವರಪ್ಪ. ಹೊಟ್ಟೆ ಚುರುಗುಟ್ಟುತ್ತಿತ್ತು.

ಮುಂದೆ ತೋಟಪ್ಪನ ಚೈನು ಕಳಚಿತು. ಹಾಕಿದ ಮೇಲೆ ಕಪ್ಪು ಜಿಡ್ಡಿನ ಬೆರಳುಗಳು ಮತ್ತೆ ಚೀಲದೊಳಗೆ ಹೋದವು. ಆಮೇಲೆ ಕಾಡಿನ ಅಂಚಿನ ಹುಲ್ಲಿನಲ್ಲಿ ದಣಿವಾರಿಸಿಕೊಳ್ಳಲು ಕೂತರು. ಆ ವರ್ಷ ಕ್ಯಾಸನೂರು ಕಡೆ ಮಂಗಗಳು ಸಾಯುತ್ತಿವೆ, ಆ ಕಾಯಿಲೆ ತರುವುದು ಉಣುಗು ಎಂದು ಸುದ್ದಿ ಹಬ್ಬಿ, ಮೈಗೆ ಕಚ್ಚಿ ರಕ್ತ ಹೀರುವ ಆ ಹುಳ ಕಂಡರೆ ಜನ ಬೆದರುತ್ತಿದ್ದರು. ತೋಟಪ್ಪ ಬೆದರುವ ಪೈಕಿಯೇ ಅಲ್ಲ. ಪಂಚೆ ಎತ್ತಿ, ತೊಡೆಯಿಂದ ಒಂದು ಕೊಬ್ಬಿದ ಉಣುಗು ಕಿತ್ತು, ಎರಡು ಉಗುರುಗಳ ನಡುವೆ ಚಟ್ಟನೆ ಒಡೆದ. ರಕ್ತ ಬೆರಳಿಗೆ ಹತ್ತಿತು. ಅದನ್ನು ಹುಲ್ಲಿಗೆ ಸವರಿದಂತೆ ಮಾಡಿ ಚೀಲದ ಲಾಡಿ ಸಡಿಲಿಸಿದ. ಮಹೇಶ್ವರಪ್ಪನಿಗೆ ಗಂಟಲವರೆಗೆ ಓಕರಿಕೆ ಬಂತು. ಆ ಚೀಲವನ್ನು ಹಳ್ಳಕ್ಕೆ ಎಸೆಯಬೇಕೆನ್ನಿಸಿತು. ಪ್ರಸಾದ ಎಸೆಯುವುದು ಹೇಗೆ? ಭಾವಮೈದುನನ ಎದುರಿಗೇ ದನಕ್ಕೆ ಹಾಕುವುದು ಹೇಗೆ? ಹಲ್ಲು ಕಚ್ಚಿಕೊಂಡು ಪೆಡಲು ತುಳಿದ.

ಸೊರಬದಲ್ಲಿ ಬಸವಣ್ಣೆಮ್ಮ ಜಗುಲಿಯ ಮೇಲೆ ಚಾಪೆ ಹಾಸಿ ಕೂರಿಸಿದಳು. ತೋಟಪ್ಪ ಹಲ್ಲು ಕಿರಿಯುತ್ತ ವಿಷಯ ಎತ್ತಿದ.

“ನಿನ್ನ ಹತ್ರ ಮುಚ್ಚುಮರೆ ಏನು ತೋಟಪ್ಪ” ಎಂದಳು ಆಕೆ. “ಹುಡುಗಿ ಲಕ್ಷಣವಾಗವ್ಳೆ. ಆದ್ರೆ ಅಂಗಡಿ ಮನೇಲಿ ಬೆಳೆದವ್ಳು, ಒಲೆ ಮುಂದೆ ಕೂತು ಗೊತ್ತೈತೋ ಇಲ್ವೋ ಅಂತ ನನ್ನ ಅನುಮಾನ.”

“ಅಷ್ಟೇ ಏನು?” ಎಂದವನೇ ತೋಟಪ್ಪ ಅಂಗಳಕ್ಕೆ ಧುಮುಕಿ ಚೀಲ ಬಿಚ್ಚಿ ತಂದ. “ಅವಳೇ ಮಾಡಿದ್ದು. ನೀವೇ ರುಚಿ ನೋಡ್ರಿ.”

ಉಂಡೆಗಳು ಹಿತ್ತಾಳೆ ತಟ್ಟೆಗೆ ಉರುಳಿದವು. ಎಲ್ಲದರ ಮೈಮೇಲೂ ಹೆಬ್ಬೆರಳಿನ ಗುಳಿ, ಗುಳಿಯಲ್ಲಿ ಕಪ್ಪು ಜಿಡ್ಡು. ಮುದುಕಿಗೆ ಕಣ್ಣು ಅಷ್ಟಕ್ಕಷ್ಟೆ. ಒಂದನ್ನು ಎತ್ತಿಕೊಂಡಳು. ಮಹೇಶ್ವರಪ್ಪ ದಾರಿ ಹುಡುಕಿದ. ನಿಜ ಹೇಳಿದರೆ ತೋಟಪ್ಪನ ಮಾನ ಹೋಗುತ್ತದೆ. ಉಂಡೆ ಕೆಟ್ಟಿದೆ ಎಂದರೆ ತಂಗಿಯ ಕತೆ ಮುಗಿಯುತ್ತದೆ. ಸುಮ್ಮನಿದ್ದರೆ, ತಂಗಿಯ ಹೆಸರು ಹೇಳಿಕೊಂಡು ಈ ಹೆಂಗಸಿಗೆ ಉಣುಗಿನ ರಕ್ತ ತಿನ್ನಿಸಿದಂತಾಗುತ್ತದೆ. ಅದು ಅವನಿಂದ ಆಗಲಿಲ್ಲ.

“ಹಸಿವಾಗೇತ್ರಿ ಅಮ್ಮಾರೆ” ಎಂದವನೇ ಆಕೆಯ ಕೈಯಲ್ಲಿದ್ದದ್ದನ್ನು ತೆಗೆದು ಬಾಯಿಗೆ ಹಾಕಿಕೊಂಡ. ತಟ್ಟೆಯನ್ನು ತೊಡೆಯ ಮೇಲೆಳೆದುಕೊಂಡ. ಎರಡೆರಡನ್ನು ತುರುಕಿದ. ಎಳ್ಳಿನ ಜೊತೆ ನಶ್ಯದ ಘಾಟು, ಎಣ್ಣೆಯ ಕಮಟು, ಹಲ್ಲಿಗೆ ಸಿಕ್ಕ ಇನ್ನೇನೋ ಒಂದು. ಅದು ಬೆಲ್ಲವಿರಲಿ ಎಂದು ಶಿವನನ್ನು ಬೇಡಿಕೊಂಡು ನುಂಗಿದ. ಕಣ್ಣಲ್ಲಿ ನೀರು, ಗಲ್ಲದ ಮೇಲೆ ಎಳ್ಳು.

ತಟ್ಟೆ ಬರಿದಾದಾಗ ಬಸವಣ್ಣೆಮ್ಮ ಚೊಂಬು ತಂದು ತಟ್ಟೆಗೇ ನೀರು ಬಿಟ್ಟಳು. ಅವಳದ್ದೂ ತಟ್ಟೆ ತೊಳೆದು ಕುಡಿಯುವ ಮನೆಯೇ. ನೀರಿನ ಮೇಲೆ ಜಿಡ್ಡು ತೇಲಿತು. ಮಹೇಶ್ವರಪ್ಪ ಬೆರಳಾಡಿಸಿ ತೊಳೆದು, ಕಣ್ಣು ಮುಚ್ಚಿ, ಅಷ್ಟನ್ನೂ ಕುಡಿದ.

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಒಡಹುಟ್ಟಿದವ್ನೇ ಹಿಂಗೆ ಬಿದ್ದು ತಿಂತಾನೆ ಅಂದ್ರೆ ಹುಡುಗಿ ಕೈಯಲ್ಲಿ ರುಚಿ ಐತೆ ಬಿಡು. ನಮಗೆ ಒಪ್ಪಿಗೆ. ಆದ್ರೆ ತೋಟಪ್ಪ, ಮದುವೆ ದಿನ ಇವ್ರನ್ನ ಬೀಗರ ಪಂಕ್ತೀಲಿ ಕೂರಿಸ್ಬ್ಯಾಡ ಮಾರಾಯ.”

ಚೀಲ ಬರಿದಾಗಿ ಹೋಗಬಾರದೆಂದು ಆಕೆ ಕೋಡುಬಳೆ ತುಂಬಿಸಿ ಕಳಿಸಿದಳು. ಮಹೇಶ್ವರಪ್ಪನಿಗೆ ಅಳು ಬರುವಷ್ಟು ಸಂತೋಷವಾಗಿತ್ತು. ಊರಾಚೆ ಬಂದ ಮೇಲೆ, ಜನ್ಮದಲ್ಲಿ ಮೊದಲ ಸಲ, ತಾನೇ ಚೀಲದಿಂದ ಒಂದು ಕೋಡುಬಳೆ ತೆಗೆದು ತೋಟಪ್ಪನತ್ತ ಚಾಚಿದ.

ತೋಟಪ್ಪ ಆ ಕೈ ನೋಡಿದ. ಬೆರಳ ಸಂದಿಯಲ್ಲಿ ಇನ್ನೂ ಎಳ್ಳು ಅಂಟಿತ್ತು.

“ಬ್ಯಾಡ ಭಾವ. ಮುದುಕಿ ಕೈಯಾಗಿಂದು ಕಿತ್ಕೊಂಡು ತಿಂದ್ರಲ್ಲ, ಅದನ್ನ ನೋಡಿದ ಮ್ಯಾಲೆ ನನಗ ಒಂಥರಾ ಹೇಸಿಗೆ ಆಗೇತಿ. ನೀವು ಮುಟ್ಟಿದ್ದು ಗಂಟಲಾಗ ಇಳಿಯಂಗಿಲ್ಲ.”

ಹಾಗೆಂದು ಒಂದು ಚಿಟಿಕೆ ನಶ್ಯ ಏರಿಸಿ, ಕೈಯನ್ನು ಪಂಚೆಗೆ ಒರೆಸಿಕೊಂಡು, ಸೈಕಲನ್ನು ರಸ್ತೆಯ ಆ ಬದಿಗೆ ತಿರುಗಿಸಿಕೊಂಡ.