ಬಳೆಯಾಕಾರದ ಬೆಳಕು

ತೈವಾನಿನ ತೈನಾನ್ ಊರಿನ ಆ ಕಾರ್ಖಾನೆಯಲ್ಲಿ ಲೋಹದ ಪುಡಿಯನ್ನು ಲೇಸರಿನಿಂದ ಕರಗಿಸಿ, ಪದರದ ಮೇಲೆ ಪದರ ಕೂರಿಸಿ ಬಿಡಿಭಾಗ ಮಾಡುವ ಯಂತ್ರಕ್ಕೆ ಇಬ್ಬರು ಬೇಕಿತ್ತು. ಕಿರಣದ ನಟ್ಟನಡುವೆ ವಿಪರೀತ ಬಿಸಿ, ಲೋಹ ಕೊತಕೊತ ಕುದಿದು ಸಿಡಿಯುತ್ತಿತ್ತು. ಸಿಡಿದ ಹನಿಗಳನ್ನು ಯಂತ್ರ ನಿಲ್ಲಿಸಿ ತೆಗೆಯಲು ಜಿನ್‌ಫು, ಕಿರಣವನ್ನು ತಿದ್ದಲು ಶುಹ್ವೆ. ನಡುವಿನ ಬಿಸಿಯನ್ನು ಮಸೂರಗಳಿಂದ ಅಂಚಿಗೆ ಹರಡಿ, ಕಿರಣಕ್ಕೆ ಬಳೆಯ ಆಕಾರ ಕೊಡಲು ಅವಳು ಎರಡು ವರ್ಷದಿಂದ ಹೆಣಗುತ್ತಿದ್ದಳು. ಅದು ಕೈಗೂಡಿದರೆ ಸಿಡಿತವೇ ಇರುವುದಿಲ್ಲ. ಆಗ ಜಿನ್‌ಫುವಿಗೂ ಇಲ್ಲಿ ಕೆಲಸವಿಲ್ಲ, ಅವನನ್ನು ತೈಪೆ ಶಾಖೆಗೆ ಕಳಿಸುತ್ತೇವೆ ಎಂದು ಮೇಲಿನವರು ಹೇಳಿಯಾಗಿತ್ತು.

ಶುಹ್ವೆಗೆ ಮನೆಯಲ್ಲಿ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಅವಳ ದಿನದ ಮಾತೆಲ್ಲ ಜಿನ್‌ಫುವಿನ ಜೊತೆಯೇ. ಮೀನಿನ ಗಂಜಿಗೆ ಉಪ್ಪು ಸಾಲದು ಎನ್ನುವುದು, ಅವನ ಬೋಳಾಗುತ್ತಿರುವ ತಲೆಯನ್ನು ಆಡಿಕೊಳ್ಳುವುದು, ಇಷ್ಟೇ. ಮನೆಯ ಸುದ್ದಿ ಇಬ್ಬರೂ ಎತ್ತುತ್ತಿರಲಿಲ್ಲ. ಆ ಇಷ್ಟನ್ನೂ ಅವಳು ತನ್ನ ಕೈಯಾರೆ ಕಳೆದುಕೊಳ್ಳಬೇಕಿತ್ತು.

ಕಡೆಯ ಪರೀಕ್ಷೆಯ ಬೆಳಿಗ್ಗೆ ಕಿರಣ ಸರಿಯಾಗಿ ಕೂತಿತ್ತು. ಮಸೂರವನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕಿತ್ತು, ಎಲ್ಲ ಕೆಡುತ್ತಿತ್ತು. ಕೆಡಿಸಲು ಕೈ ಬರಲಿಲ್ಲ. ಎಷ್ಟಾದರೂ ಅವಳೇ ಮಾಡಿದ ಕೆಲಸ. ಆದರೆ ಯಂತ್ರ ತಂಟೆ ಮಾಡದಿರಲೆಂದು ಅದರ ನೆತ್ತಿಯ ಮೇಲೆ ಎಲ್ಲರೂ ಇಡುವ ಮೆಕ್ಕೆಜೋಳದ ತಿಂಡಿಯ ಹಸಿರು ಪೊಟ್ಟಣ ಇತ್ತಲ್ಲ! ಅದರ ತಾರೀಖು ಮೀರಿದರೆ ಯಂತ್ರ ಮೊಂಡು ಹಿಡಿಯುತ್ತದೆಂದು ಇಲ್ಲಿ ಮಕ್ಕಳಿಗೂ ಗೊತ್ತು. ಶುಹ್ವೆ ಹೊಸ ಪೊಟ್ಟಣ ತೆಗೆದು, ಕಪಾಟಿನ ಮೂಲೆಯಲ್ಲಿದ್ದ ಹಳೆಯದೊಂದನ್ನು ಇಟ್ಟಳು. ಬೆಳಕಿನ ಶಾಸ್ತ್ರವನ್ನು ಅರೆದು ಕುಡಿದವಳ ಬುದ್ಧಿ ನೋಡಿ.

ಸಂಜೆಯವರೆಗೆ ಒಂದೇ ಒಂದು ಹನಿ ಸಿಡಿಯಲಿಲ್ಲ. ಭಾಗ ಲಕಲಕ ಹೊಳೆಯುತ್ತ ಹೊರಬಂತು. ಚಪ್ಪಾಳೆ ತಟ್ಟಿದವರೆಲ್ಲ ಹೊರಟ ಮೇಲೆ ಜಿನ್‌ಫು ಪೊಟ್ಟಣ ಕೆಳಗಿಳಿಸಿ ತಾರೀಖು ಓದಿದ.

“ಇದನ್ನ ಬೇಕಂತಲೇ ಇಟ್ಯಾ?”

“ಹೂಂ. ನೀನು ಹೋಗಬಾರದು ಅಂತ.”

ಅವನು ನಗುತ್ತಾನೆಂದು ಅವಳು ಕಾದಳು. ಅವನು ನಗಲಿಲ್ಲ.

“ವರ್ಗ ಕೇಳಿದ್ದು ನಾನೇ ಕಣೇ,” ಎಂದ ಮೆಲ್ಲಗೆ. “ಹೆಂಡ್ತಿ, ಮಗಳು ಅಲ್ಲೇ ಇದಾರೆ. ನಿನ್ನ ಕಿರಣ ಯಾವತ್ತು ಸರಿಹೋಗುತ್ತೋ ಅಂತ ದಿನಾ ಕಾಯ್ತಿದ್ದೆ. ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ. ಇವತ್ತು ರಾತ್ರಿ ರೈಲಿಗೇ ಹೋಗಿ ಅವರಿಗೆ ಹೇಳ್ಬೇಕು.”

ಪ್ರತಿ ಸಲ ಕಿರಣ ಕೆಟ್ಟಾಗ ಅವನ ಮುಖ ಬಾಡುತ್ತಿದ್ದುದನ್ನು ಅವಳು ತನಗಾಗಿ ಎಂದುಕೊಂಡಿದ್ದಳು.

“ಒಳ್ಳೇದಾಯ್ತು ಬಿಡು,” ಎಂದಳು ಶುಹ್ವೆ. “ಹೊರಡು, ರೈಲು ತಪ್ಪೀತು.”